ದ್ರಾಕ್ಷಿ ಸೀಮೆಗೆ ಸೈಕಲ್ ಸವಾರಿ: ಮೊದಲು ಪೆಡಲು, ಆಮೇಲೆ ಬಾಟಲು

ಚಿಕ್ಕಬಳ್ಳಾಪುರ: ಬೆಳಗಿನ ಬೆಂಗಳೂರು ಬಸ್ಸಿಗೆ ನಿಂತವರು ನೋಡಿರುತ್ತೀರಿ. ಶನಿವಾರ, ಭಾನುವಾರ ಬಂತೆಂದರೆ ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಮೈಗಂಟಿದ ಚಡ್ಡಿ ಹಾಕಿಕೊಂಡು ಬೆಂಗಳೂರಿನ ಹುಡುಗರು ಸಾಲುಸಾಲಾಗಿ ಸೈಕಲ್ ತುಳಿಯುತ್ತಾ ನಂದಿ ಬೆಟ್ಟಕ್ಕೆ ಬರುತ್ತಾರೆ. ಒಂದೊಂದು ಸೈಕಲ್ಲಿನ ಬೆಲೆ ಕೇಳಿದರೆ ನಮ್ಮೂರ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಲ್ಲಬೇಕು! ಬೆಟ್ಟ ಹತ್ತುತ್ತಾರೆ, ಫೋಟೋ ಹಿಡಿಸಿಕೊಳ್ಳುತ್ತಾರೆ, ಇಡ್ಲಿ ತಿಂದು ವಾಪಸ್ ಹೋಗುತ್ತಾರೆ. ಬೆಟ್ಟದ ಬುಡದಲ್ಲಿ ಏನು ಬೆಳೆಯುತ್ತದೆ ಅಂತ ತಿರುಗಿ ನೋಡುವವರು ಕಡಿಮೆ.

ಅವರ ಮಾತು ಬಿಡಿ ಸ್ವಾಮಿ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಾವು ನೋಡಿದ್ದೇವಾ?

ನಂದಿ ಬೆಟ್ಟದ ಸುತ್ತಿನ ಭೂಮಿಯನ್ನು ಸರ್ಕಾರ 'ನಂದಿ ಕಣಿವೆ' ಎಂದು ಕರೆದು ವೈನ್ ದ್ರಾಕ್ಷಿಯ ಪ್ರದೇಶ ಅಂತ ಲೆಕ್ಕಕ್ಕೆ ಇಟ್ಟಿದೆ. 2007ರಲ್ಲಿ ಇದಕ್ಕೇ ಒಂದು ನೀತಿ ಬಂತು, ಕರ್ನಾಟಕ ವೈನ್ ಮಂಡಳಿಯೂ ಬಂತು. ಅದೇ ವರ್ಷ ನಮ್ಮದು ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲೆಯ ವಯಸ್ಸು ಎಷ್ಟೋ ವೈನ್ ನೀತಿಯ ವಯಸ್ಸೂ ಅಷ್ಟೇ. ಆದರೆ ದ್ರಾಕ್ಷಿ ತೋಟದ ನಡುವೆ ಒಂದು ದಿನ ಸುತ್ತಿ ಬಂದ ಊರಿನವರನ್ನು ಕೈ ಎತ್ತಿ ಅಂದರೆ ಎಷ್ಟು ಕೈ ಮೇಲೇಳುತ್ತವೆ?

ಹೀಗೆಂದು ಮಾತು ಎದ್ದದ್ದು ಬಜಾರಿನ ಒಂದು ಸೈಕಲ್ ಷಾಪಿನ ಮುಂದಿನ ಬೆಂಚಿನ ಮೇಲೆ. ಇದ್ದವರು ನಾಲ್ವರು: ಷಾಪಿನ ಯಜಮಾನರು, ಅವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯೋದು, ಬಟ್ಟೆ ಅಂಗಡಿಯ ಗೆಳೆಯ, ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ಇನ್ನೊಬ್ಬ, ಮತ್ತು ಈ ವರದಿಗಾರ. ಮಾರ್ಚ್ ತಿಂಗಳ ಮೊದಲನೇ ಶನಿವಾರ, ಭಾನುವಾರ ಎರಡು ದಿನ ಸೈಕಲ್ಲಿನಲ್ಲಿ ದ್ರಾಕ್ಷಿ ಸೀಮೆ ಸುತ್ತಿ ಬರೋಣ ಅಂತ ತೀರ್ಮಾನ ಆಯಿತು.

ತೀರ್ಮಾನ ಸುಲಭ. ಪ್ಲಾನು ಕಷ್ಟ. ಯಾಕೆಂದರೆ ಇದು ನಮ್ಮ ಮೊದಲನೇ ಸವಾರಿ ಅಲ್ಲ.

ಹಿಂದಿನ ಸಲ ಆದದ್ದು

ಎರಡು ವರ್ಷದ ಹಿಂದೆ ಇದೇ ಮಾರ್ಚಿನಲ್ಲಿ ನಾವು ಮೂವರು ಹೋಗಿದ್ದೆವು. ಅಣ್ಣ ಬಂದಿರಲಿಲ್ಲ. ಪ್ಲಾನು ಏನು? ಬೆಳಿಗ್ಗೆ ಹೋಗೋದು, ಮಧ್ಯಾಹ್ನ ಒಂದು ಕಡೆ ವೈನ್ ರುಚಿ ನೋಡೋದು, ಸಂಜೆಗೆ ಮನೆ. ಅಷ್ಟೇ. ಹೋಗುವಾಗ ಹಾಡು, ನಗು. ರುಚಿ ನೋಡುವ ಕಡೆ ಐದು ಥರದ್ದು ಕೊಟ್ಟರು. ಒಂದೊಂದೂ ಒಂದು ಗುಟುಕು. ಹೊಟ್ಟೆಯಲ್ಲಿ ಬೆಳಗಿನ ಎರಡು ಇಡ್ಲಿ ಬಿಟ್ಟರೆ ಬೇರೆ ಏನಿಲ್ಲ. "ಇದೇನು ಬ್ರಾಂದಿಯಾ, ಹಣ್ಣಿನ ರಸ ತಾನೇ" ಅಂದೆವು. ಒಂದು ಗಂಟೆಯ ಬಿಸಿಲಿಗೆ ಸೈಕಲ್ ಹತ್ತಿದೆವು.

ನಾಲ್ಕು ಕಿಲೋಮೀಟರ್ ಹೋಗಿಲ್ಲ, ಹಿಂದಿನಿಂದ ಜಲ್ಲಿ ತುಂಬಿದ ಟಿಪ್ಪರ್ ಹಾರನ್ ಹೊಡೆಯಿತು. ಗುಮಾಸ್ತ ಗೆಳೆಯ ಪಕ್ಕಕ್ಕೆ ಎಳೆದುಕೊಂಡ. ಬೇರೆ ದಿನವಾಗಿದ್ದರೆ ಸರಿಯಾಗಿ ಎಳೆದುಕೊಳ್ಳುತ್ತಿದ್ದ. ಅವತ್ತು ಒಂದು ಮೊಳ ಹೆಚ್ಚಾಯಿತು. ಮುಂದಿನ ಗಾಲಿ ಮರಳಿಗೆ ಇಳಿದು ಜಾರಿತು, ಆಸಾಮಿ ಮೋರಿಗೆ ಬಿದ್ದ. ಟಿಪ್ಪರ್ ಒಂದು ಗೇಣು ದೂರದಲ್ಲಿ ಹಾದು ಹೋಯಿತು. ಕತ್ತಿನ ಪಕ್ಕದ ಕಾಲರ್ ಮೂಳೆ ಮುರಿಯಿತು. ಆರು ವಾರ ಕೈ ಕಟ್ಟಿಕೊಂಡು ಎಡಗೈಯಲ್ಲಿ ಲೆಡ್ಜರ್ ತಿರುವಿದ.

ತಪ್ಪು ಟಿಪ್ಪರಿನದಲ್ಲ, ವೈನ್ ಕೊಟ್ಟವರದೂ ಅಲ್ಲ. ತಪ್ಪು ನಮ್ಮ ಪ್ಲಾನಿನದು. ಕುಡಿಯುವ ಜಾಗವನ್ನು ದಾರಿಯ ನಡುವೆ ಇಟ್ಟಿದ್ದೆವು.

ಗುಟುಕಿನ ಲೆಕ್ಕ

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಕೆಮಿಸ್ಟ್ರಿ ಬರುವುದಿಲ್ಲ. ಆದರೆ ಈ ಪೆಟ್ಟಾದ ಮೇಲೆ ಇಷ್ಟು ಕಲಿತಿದ್ದೇನೆ. ಹಣ್ಣು ಹಿಂಡಿದ ರಸದಲ್ಲಿ ಸಕ್ಕರೆ ಇರುತ್ತದೆ. ಯೀಸ್ಟ್ ಅನ್ನುವ ಕಣ್ಣಿಗೆ ಕಾಣದ ಜೀವ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಗಾಳಿ ಬಿಡುತ್ತದೆ. ದೋಸೆ ಹಿಟ್ಟು ರಾತ್ರಿ ಉಬ್ಬುತ್ತಲ್ಲ, ಸುಮಾರಾಗಿ ಅದೇ ಜಾತಿಯ ಕೆಲಸ. ಸಿಪ್ಪೆ ಸಮೇತ ಹುಳಿ ಬರಿಸಿದರೆ ಕೆಂಪು ವೈನು, ಸಿಪ್ಪೆ ತೆಗೆದು ರಸ ಮಾತ್ರ ಹುಳಿ ಬರಿಸಿದರೆ ಬಿಳಿ. 750 ಮಿಲಿಯ ಒಂದು ಬಾಟಲಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು ಬೇಕು.

ಸಾಮಾನ್ಯ ವೈನಿನಲ್ಲಿ ನೂರಕ್ಕೆ 12ರಿಂದ 14 ಭಾಗ ಆಲ್ಕೋಹಾಲ್. 30 ಮಿಲಿಯ ಐದು ಗುಟುಕು ಕೂಡಿದರೆ 150 ಮಿಲಿ, ಅಂದರೆ ಒಂದು ಪೂರ್ತಿ ಲೋಟ. ಅದರಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಮ್ಮ ದೇಹ ಗಂಟೆಗೆ ಏಳರಿಂದ ಹತ್ತು ಗ್ರಾಂ ಕರಗಿಸಬಲ್ಲದು. ಒಂದು ಲೋಟ ಇಳಿಯಲು ಒಂದೂವರೆಯಿಂದ ಎರಡು ಗಂಟೆ ಬೇಕು ಅಂತಾಯಿತು. ನಿಂಬೆಹಣ್ಣು ಹಿಂಡಿ ಕುಡಿದರೂ, ಸ್ಟ್ರಾಂಗ್ ಕಾಫಿ ಕುಡಿದರೂ, ತಲೆ ಮೇಲೆ ನೀರು ಸುರಿದುಕೊಂಡರೂ ಆ ಗಡಿಯಾರ ಬೇಗ ಓಡುವುದಿಲ್ಲ. ಬಿಸಿಲಿನಲ್ಲಿ ಮೈಯ ನೀರು ಬೇರೆ ಇಳಿಯುತ್ತಿರುತ್ತದೆ.

ಮೋಟಾರು ವಾಹನ ಕಾಯಿದೆಯ 185ನೇ ಸೆಕ್ಷನ್ ಪ್ರಕಾರ ನೂರು ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಸೈಕಲ್ಲಿಗೆ ಮೋಟಾರು ಇಲ್ಲ, ಆದ್ದರಿಂದ ಪೊಲೀಸಿನವರು ಊದಿಸದಿರಬಹುದು. ಟಿಪ್ಪರ್ ಬಿಡುತ್ತದಾ? ಫ್ರಾನ್ಸ್ ದೇಶದಲ್ಲಿ ಸೈಕಲ್ ಸವಾರನಿಗೂ ಇದೇ ಥರದ ಕಾನೂನಿದೆ. ಅಲ್ಲಿ ಬರ್ಗಂಡಿ ಎಂಬ ಹೆಸರಾಂತ ವೈನ್ ಸೀಮೆಯಲ್ಲಿ ಬೋನ್ ಪಟ್ಟಣದಿಂದ ಸಾಂತನೇ ಹಳ್ಳಿಯವರೆಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ತೋಟಗಳ ನಡುವೆಯೇ ಸೈಕಲ್ ದಾರಿ ಇದೆ. ಲಾರಿ ಕಾಟ ಇಲ್ಲ. ಅಂಥ ದಾರಿ ಇರುವ ಊರಿನವರೇ ಕಾನೂನು ಇಟ್ಟುಕೊಂಡಿದ್ದಾರೆ. ದಾರಿಯೇ ಇಲ್ಲದ ನಾವು ಬುದ್ಧಿಯನ್ನಾದರೂ ಇಟ್ಟುಕೊಳ್ಳಬೇಕಲ್ಲ.

ಇನ್ನೊಂದು ಮಾತು. ವೈನ್ ಪರೀಕ್ಷೆ ಮಾಡುವುದನ್ನೇ ಕಸುಬು ಮಾಡಿಕೊಂಡವರು ಬಾಯಲ್ಲಿ ಇಟ್ಟುಕೊಂಡು, ರುಚಿ ನೋಡಿ, ಪಕ್ಕದ ಪಾತ್ರೆಗೆ ಉಗಿಯುತ್ತಾರೆ. ಅವರಿಗೆ ಅದು ಅವಮಾನ ಅಲ್ಲ. ನಾವು ದುಡ್ಡು ಕೊಟ್ಟಿದ್ದೇವೆ ಅಂತ ನುಂಗುತ್ತೇವೆ.

ಚಪ್ಪರ ಬೇರೆ, ಸಾಲು ಬೇರೆ

ಹಾಗಾದರೆ ನೋಡುವುದು ಏನು? ಮೊದಲು ನಮ್ಮ ಬೆಂಗಳೂರ್ ಬ್ಲೂ. ಕಪ್ಪುನೀಲಿ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗಿಡುವ ಮೊದಲೇ ಮೂಗಿಗೆ ಬರುವ ಘಮ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಆಳೆತ್ತರದ ಚಪ್ಪರದ ಮೇಲೆ ಬೆಳೆಸುತ್ತಾರೆ. ತಿನ್ನಲು, ಜ್ಯೂಸಿಗೆ, ಸಿಹಿ ವೈನಿಗೆ ಹೋಗುತ್ತದೆ. ಪಕ್ಕದಲ್ಲೇ ದಿಲ್‌ಖುಷ್ ಚಪ್ಪರವೂ ಕಾಣುತ್ತದೆ. ಅದು ಬರೀ ತಿನ್ನುವ ಹಣ್ಣು.

ಒಣ ವೈನಿಗೆ ಬೆಳೆಯುವ ದ್ರಾಕ್ಷಿಯ ನೋಟವೇ ಬೇರೆ. ಸೊಂಟದೆತ್ತರದ ಬಳ್ಳಿ, ಬೇಲಿಯ ಹಾಗೆ ನೇರ ಸಾಲು, ಸಣ್ಣ ಸಣ್ಣ ಹಣ್ಣು. 1980ರ ದಶಕದಲ್ಲಿ ಕಂವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ಫ್ರೆಂಚ್ ತಳಿಗಳನ್ನು ತರಿಸಿದರು. ಯಾವ ಮಣ್ಣಿಗೆ ಯಾವುದು ಹೊಂದುತ್ತದೆ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡಿ, ಕೊನೆಗೆ ಆರಿಸಿದ್ದು ನಂದಿ ಬೆಟ್ಟದ ಬುಡವನ್ನು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಎದ್ದಿತು, 1992ರಲ್ಲಿ ವೈನ್ ಮಾರುಕಟ್ಟೆಗೆ ಬಂತು. ಹಗಲು ಬಿಸಿಲು, ರಾತ್ರಿ ತಂಪು. ಇದೇ ಈ ಎತ್ತರದ ಭೂಮಿಯ ಬಂಡವಾಳ.

ಮಾರ್ಚ್ ಯಾಕೆ ಅಂತ ಕೇಳುತ್ತೀರಿ. ವೈನ್ ದ್ರಾಕ್ಷಿಯ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಬೇಸಿಗೆಯಲ್ಲಿ ಒಂದು ಸಲ, ಮಳೆ ಮುಗಿಯುತ್ತಾ ಬಂದಾಗ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು ಸಲ. ಆ ಎರಡನೇ ಕತ್ತರಿಯ ಫಲ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೈಗೆ ಬರುತ್ತದೆ. ಜೂನಿನಲ್ಲಿ ಹೋದರೆ ಎಲೆ ಮಾತ್ರ ನೋಡಿ ಬರಬೇಕು.

ರೈತರು ಹೇಳಿದ್ದು

ಪ್ಲಾನು ಮಾಡುವ ಮುಂಚೆ ನಂದಿ ಹೋಬಳಿಯ ಒಬ್ಬ ರೈತರ ತೋಟಕ್ಕೆ ಹೋಗಿ ಬಂದೆ. "ನೀವು ನಾಲ್ಕು ಜನ ಬರಬಹುದಾ ಅಂತ ಕೇಳೋಕೆ ಬಂದ್ರಲ್ಲಾ, ಅದೇ ದೊಡ್ಡದು ಸಾರ್" ಅಂದರು. "ಬಹಳ ಜನ ಕೇಳಲ್ಲ. ರೋಡಲ್ಲಿ ಗಾಡಿ ನಿಲ್ಲಿಸ್ತಾರೆ, ಕೈಗೆ ಸಿಕ್ಕಿದ ಗೊಂಚಲು ಕೀಳ್ತಾರೆ, ಹೋಗ್ತಾರೆ. ನಿನ್ನೆ ಔಷಧಿ ಹೊಡೆದಿದೀನೋ ಇಲ್ವೋ ಅವರಿಗೇನು ಗೊತ್ತು?"

ಈ ಮಾತು ಕೇಳಿ ನನಗೆ ಒಂದು ಹಳೇ ಸಂಗತಿ ನೆನಪಾಯಿತು. ನಮ್ಮ ರೈತರೆಲ್ಲ ಬೋರ್ಡೋ ದ್ರಾವಣ ಅನ್ನುತ್ತಾರಲ್ಲ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಆ ಬೋರ್ಡೋ ಅಂದರೆ ಫ್ರಾನ್ಸಿನ ದೊಡ್ಡ ವೈನ್ ಸೀಮೆಯ ಹೆಸರು. ಅಲ್ಲಿನ ರೈತರು ದಾರಿಹೋಕರು ಹಣ್ಣು ಕೀಳಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಊರೆಲ್ಲ ಬೂಜು ರೋಗ ಬಂದು ಬಳ್ಳಿ ಒಣಗಿದಾಗ ಬಳಿದ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಮಿಲಾರ್ದೆ ಎಂಬ ಪ್ರೊಫೆಸರು ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಕಳ್ಳರ ಕಾಟಕ್ಕೆ ಮಾಡಿದ್ದು ರೋಗಕ್ಕೆ ಮದ್ದಾಯಿತು. ನಂದಿಯ ರೈತರಿಗೆ ಇದನ್ನು ಹೇಳಿದೆ. ಬಿದ್ದು ಬಿದ್ದು ನಕ್ಕರು. "ಅಲ್ಲೂ ಹಿಂಗೇನಾ!"

ನಕ್ಕಿದ್ದು ಒಂದು ನಿಮಿಷ. ಆಮೇಲೆ ಕಷ್ಟ ಹೇಳಿಕೊಂಡರು. ನಮ್ಮ ಜಿಲ್ಲೆಯಲ್ಲಿ ಪಾಲಾರ್, ಪೆನ್ನಾರ್ ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ನೀರು ಒಂದೂ ಇಲ್ಲ. ಎಲ್ಲಾ ಬೋರ್‌ವೆಲ್ಲು, ಅದೂ ಸಾವಿರ ಅಡಿ ದಾಟಿದ್ದು. "2020ರ ಮಾರ್ಚಲ್ಲಿ ಲಾಕ್‌ಡೌನ್ ಬಂತಲ್ಲಾ ಸಾರ್, ಹಣ್ಣು ಚಪ್ಪರದಲ್ಲೇ ಇತ್ತು. ಲಾರಿ ಇಲ್ಲ, ಕೊಳ್ಳೋರಿಲ್ಲ. ಮಾಗಿ ಮಾಗಿ ಉದುರಿತು. ಆ ವರ್ಷದ ಸಾಲ ಈಗಲೂ ಕಾಗದದ ಮೇಲಿದೆ." ಅವರು ಜನ್ಮದಲ್ಲಿ ವೈನ್ ಬಾಯಿಗೆ ಇಟ್ಟವರಲ್ಲ. ಮನೆಯಲ್ಲಿ ಬಾಟಲಿ ಬಂದರೆ ತಾಯಿ ಒಲೆ ಹಚ್ಚುವುದಿಲ್ಲವಂತೆ.

"ಬನ್ನಿ, ಹಣ್ಣು ತಿನ್ನಿ, ಎರಡು ಕಿಲೋ ದುಡ್ಡು ಕೊಟ್ಟು ತಗೊಂಡು ಹೋಗಿ. ಅಷ್ಟು ಸಾಕು" ಅಂದರು. ಪ್ಲಾನಿನಲ್ಲಿ ಅದನ್ನು ಮೊದಲನೇ ಸಾಲಾಗಿ ಬರೆದುಕೊಂಡೆ.

ಅತ್ತಿಗೆ ಹಾಕಿದ ಷರತ್ತು

ಈಗ ಸೈಕಲ್ ಷಾಪಿನ ಅಣ್ಣನ ವಿಷಯ. ಅವರು ಹಿಂದಿನ ಸಲ ಯಾಕೆ ಬರಲಿಲ್ಲ ಅಂತ ನಾವ್ಯಾರೂ ಕೇಳಿರಲಿಲ್ಲ. ಕೆಲಸ ಇರಬೇಕು ಅಂದುಕೊಂಡಿದ್ದೆವು. ಈ ಸಲ ಬೆಂಚಿನ ಮೇಲೆ ಅವರೇ ಬಾಯಿ ಬಿಟ್ಟರು. ಸ್ಪೋಕ್ ಬಿಗಿ ಮಾಡುತ್ತಾ, ತಲೆ ಎತ್ತದೆ ಹೇಳಿದರು:

"ನಾನು ಬಿಟ್ಟು ಆರು ವರ್ಷ ಆಯ್ತಪ್ಪ. ವಾಸನೆ ಬಂದ್ರೆ ಇವತ್ತಿಗೂ ಕೈ ನಡುಗ್ತದೆ. ಸೈಕಲ್ ತುಳಿಯೋ ಆಸೆ ಇದೆ. ಆ ಮೇಜಿನ ಮುಂದೆ ಕೂರೋ ಧೈರ್ಯ ಇಲ್ಲ."

ನಾವು ಮೂವರೂ ಮಾತಾಡಲಿಲ್ಲ. ಆರು ವರ್ಷದ ಹಿಂದೆ ಷಾಪಿಗೆ ಬೀಗ ಬಿದ್ದಿದ್ದು, ಅತ್ತಿಗೆ ಬಳೆ ಅಡ ಇಟ್ಟಿದ್ದು ಬಜಾರಿಗೆಲ್ಲ ಗೊತ್ತಿದ್ದ ವಿಷಯವೇ. ನಾವೇ ಮರೆತಿದ್ದೆವು.

ಸಂಜೆ ಅವರ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟು ನೇರವಾಗಿ ಕೇಳಿದರು: "ಎಲ್ಲಿಗೆ ಕರ್ಕೊಂಡು ಹೋಗ್ತಿದೀಯಾ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೈಕಲ್ ತುಳೀಲಿ, ಬೇಡ ಅನ್ನಲ್ಲ. ಆ ಮನುಷ್ಯ ಷಾಪು ಬಿಟ್ಟು ಎಲ್ಲಿಗೂ ಹೋಗಿಲ್ಲ. ಆದ್ರೆ ಹೇಗೆ ಕಳಿಸ್ತೀನೋ ಹಾಗೇ ವಾಪಸ್ ಬೇಕು" ಅಂದರು.

ಆ ರಾತ್ರಿ ಪ್ಲಾನು ಪೂರ್ತಿ ಹರಿದು ಹೊಸದಾಗಿ ಬರೆದೆವು. ಕುಡಿಯುವವರ ಅನುಕೂಲಕ್ಕೆ ದಾರಿ ಹಾಕುವುದಲ್ಲ. ಕುಡಿಯದವನೂ ನೆಮ್ಮದಿಯಾಗಿ ಬಂದು ಹೋಗುವ ಹಾಗೆ ದಾರಿ ಹಾಕುವುದು. ಹಾಗೆ ಹಾಕಿದರೆ ಕಾಲರ್ ಮೂಳೆಯೂ ಉಳಿಯುತ್ತದೆ ಅನ್ನುವುದು ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು.

ಈ ಸಲದ ದಾರಿ

ಶನಿವಾರ ಬೆಳಿಗ್ಗೆ ಐದೂವರೆಗೆ ಹೊರಡುವುದು. ಮೊದಲು ಮುದ್ದೇನಹಳ್ಳಿ, ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಸಮಾಧಿಯೂ ಅಲ್ಲೇ. ಅಲ್ಲಿಂದ ನಂದಿ ಗ್ರಾಮ. ಭೋಗನಂದೀಶ್ವರನ ಗುಡಿ ಸಾವಿರ ವರ್ಷಕ್ಕೂ ಹಳೆಯದು. ಕೈಮುಗಿದು, ಕಟ್ಟಿಕೊಂಡು ಹೋದ ಬುತ್ತಿ ಬಿಚ್ಚುವುದು. ಆಮೇಲೆ ರೈತರ ತೋಟ. ಬಿಸಿಲೇರುವ ಮುಂಚೆ ಬೆಟ್ಟದ ಬುಡ ಬಳಸಿ, ಕಾರಹಳ್ಳಿ ಕಡೆಯಿಂದ ದೊಡ್ಡಬಳ್ಳಾಪುರದ ದಾರಿ. ಎಲ್ಲಾ ಸೇರಿ ಸುಮಾರು ನಲವತ್ತು ಕಿಲೋಮೀಟರ್. ಗಂಟೆಗೆ ಹನ್ನೆರಡರ ಲೆಕ್ಕದಲ್ಲಿ ತುಳಿದರೂ, ನಿಂತು ನಿಂತು ಹೋದರೂ, ಹನ್ನೊಂದರ ಆಸುಪಾಸಿಗೆ ಸೇರಬಹುದು.

ಬೆಟ್ಟ ಹತ್ತುವುದು ಪ್ಲಾನಿನಲ್ಲಿ ಇಲ್ಲ. 1,478 ಮೀಟರ್ ಎತ್ತರದ ಬೆಟ್ಟವನ್ನು ನಮ್ಮ ಡಬಲ್ ಬಾರ್ ಸೈಕಲ್ಲುಗಳು ಕೆಳಗಿನಿಂದ ನೋಡಿದರೆ ಸಾಕು.

ದೊಡ್ಡಬಳ್ಳಾಪುರದಲ್ಲಿ ಲಾಡ್ಜಿಗೆ ಸೈಕಲ್ ಸೇರಿಸಿ, ಬೀಗ ಹಾಕಿ, ಬೀಗದ ಕೈ ಅಣ್ಣನ ಜೇಬಿಗೆ. ಊಟ, ಒಂದು ನಿದ್ದೆ. ಅಲ್ಲಿಂದ ಎರಡು ಪಾರ್ಟಿ. ಒಂದು ಪಾರ್ಟಿ ಆಟೋದಲ್ಲಿ ದೇವನಹಳ್ಳಿ ರಸ್ತೆಯ ರಘುನಾಥಪುರದ ವೈನರಿಗೆ. ಮುಂಚೆಯೇ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳಬೇಕು, ಸುಮ್ಮನೆ ಗೇಟಿನ ಮುಂದೆ ನಿಂತರೆ ಆಗುವುದಿಲ್ಲ. ಇನ್ನೊಂದು ಪಾರ್ಟಿ ಊರೊಳಗೆ ಮಗ್ಗ ನೋಡಲು. ದೊಡ್ಡಬಳ್ಳಾಪುರ ಅಂದರೆ ಸೀರೆ ಮಗ್ಗದ ಊರು ಅಂತ ನಿಮಗೆ ಹೇಳಬೇಕಾ? ಬಟ್ಟೆ ಅಂಗಡಿಯ ಗೆಳೆಯ ಮೊದಲೇ ಅಣ್ಣನ ಜೊತೆ ಹೆಸರು ಕೊಟ್ಟ. "ನನಗೆ ವ್ಯಾಪಾರನೂ ಆಯ್ತು" ಅಂದ. ವ್ಯಾಪಾರ ನೆಪ ಅಂತ ನಮಗೂ ಗೊತ್ತು, ಅಣ್ಣನಿಗೂ ಗೊತ್ತು.

ಸಂಜೆ ಆದ ಮೇಲೆ ಯಾರೂ ಸೈಕಲ್ ಮುಟ್ಟುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಹೋದ ದಾರಿಯಲ್ಲೇ ವಾಪಸ್. ದೇವನಹಳ್ಳಿ ಕೋಟೆ ನೋಡಿಕೊಂಡು, ಚಕ್ಕೋತ ತಗೊಂಡು ಬರೋಣ ಅಂತ ಗುಮಾಸ್ತ ಗೆಳೆಯ ಹಟ ಹಿಡಿದ. ಹಾಗೆ ಬಂದರೆ ಕೊನೆಗೆ 44ನೇ ನಂಬರ್ ಹೆದ್ದಾರಿಗೆ ಬೀಳಬೇಕು. "ನಿನ್ನ ಇನ್ನೊಂದು ಕಡೆ ಮೂಳೆ ನೆಟ್ಟಗಿದೆ, ಅದು ಹಂಗೇ ಇರ್ಲಿ" ಅಂದರು ಅಣ್ಣ. ಕೋಟೆಗೆ ಇನ್ನೊಂದು ದಿನ ಬಸ್ಸಿದೆ.

ಬರುವವರಿಗೆ

ಓದುಗರಲ್ಲಿ ಯಾರಾದರೂ ಸೇರುವುದಿದ್ದರೆ ಸೇರಬಹುದು. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು, ತಲೆಗೆ ಹೆಲ್ಮೆಟ್ಟು, ಹಿಂದಿನ ಮಡ್‌ಗಾರ್ಡಿಗೆ ಕೆಂಪು ದೀಪ. ಒಂದು ಪಂಪು, ಎರಡು ಟ್ಯೂಬು, ಪ್ಯಾಚು ಮತ್ತು ಸಲ್ಯೂಷನ್ ಅಣ್ಣನ ಚೀಲದಲ್ಲಿರುತ್ತವೆ. ಸಾಲಾಗಿ ಒಬ್ಬರ ಹಿಂದೆ ಒಬ್ಬರು, ಮುಂದೆ ಅಣ್ಣ, ಹಿಂದೆ ನಾನು. ರೈತರನ್ನು ಕೇಳದೆ ಒಂದು ಹಣ್ಣೂ ಕೀಳುವ ಹಾಗಿಲ್ಲ. ತೆಗೆದುಕೊಂಡ ಹಣ್ಣಿಗೆ ದುಡ್ಡು ಕೊಡಬೇಕು, ತೊಳೆದು ತಿನ್ನಬೇಕು. ಹೊರಡುವ ಹಿಂದಿನ ವಾರ ಸೈಕಲ್ ತಂದು ಷಾಪಿನಲ್ಲಿ ತೋರಿಸಿ ಹೋಗಿ. ಬ್ರೇಕ್ ಸರಿ ಇಲ್ಲದ ಸೈಕಲ್ಲನ್ನು ಅಣ್ಣ ದಾರಿಗೆ ಬಿಡುವುದಿಲ್ಲ.

ಷಾಪಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದೇವೆ. ಎರಡು ಕಾಲಮ್ಮು: ಮೇಲೆ ಒಂದು ಕಡೆ 'ವೈನರಿ', ಇನ್ನೊಂದು ಕಡೆ 'ಮಗ್ಗ'. ಇವತ್ತು ಮಧ್ಯಾಹ್ನದವರೆಗೆ ವೈನರಿ ಕಡೆ ಗುಮಾಸ್ತ ಗೆಳೆಯನ ಹೆಸರು ಒಂದೇ ಇತ್ತು, ಆಟೋ ಬಾಡಿಗೆ ಒಬ್ಬನೇ ಹೇಗೆ ಕೊಡೋದು ಅಂತ ಅವನು ಗೊಣಗುತ್ತಿದ್ದ. ನನ್ನ ಹೆಸರು ಇನ್ನೂ ಎರಡೂ ಕಡೆ ಇಲ್ಲ. ವರದಿ ಬರೆಯಬೇಕಾದವನು ವೈನರಿ ನೋಡಬೇಕು ಅನ್ನುವುದು ಒಂದು ನ್ಯಾಯ. ಅತ್ತಿಗೆ ಕೊಟ್ಟ ಕಾಫಿಯದು ಇನ್ನೊಂದು ನ್ಯಾಯ. ನಿಮ್ಮ ಹೆಸರು ಯಾವ ಕಡೆ ಅಂತ ಬಂದು ಬರೆದು ಹೋಗಿ. ಪೆನ್ನು ದಾರದಲ್ಲಿ ಕಟ್ಟಿದೆ.